ಯಾವ ನೀರಿಗೆ ಯಾವ ಇದ್ದಿಲು?

ಅಡಿಕೆ ಸುಲಿಯುವ ಕಾಲ ಬಂದರೆ ಚನ್ನಗಿರಿ, ಶಿವಮೊಗ್ಗದ ಸುತ್ತಮುತ್ತ ರಸ್ತೆಯ ಅಂಚಿಗೆ ಸಿಪ್ಪೆಯ ರಾಶಿ ಏಳುತ್ತದೆ. ಅದು ಬೇಗ ಕೊಳೆಯುವುದಿಲ್ಲ, ದನ ಮೂಸುವುದಿಲ್ಲ, ಮನೆಯ ಒಲೆಗೆ ಅಷ್ಟೊಂದು ಬೇಕಾಗಿಯೂ ಇಲ್ಲ. ಕೊನೆಗೆ ಯಾರೋ ಕಡ್ಡಿ ಗೀರುತ್ತಾರೆ. ಒಳಗೊಳಗೇ ಹೊಗೆಯಾಡುತ್ತ ದಿನಗಟ್ಟಲೆ ದಾರಿಹೋಕರ ಕಣ್ಣು ಉರಿಸುತ್ತದೆ. ಹಾವೇರಿ, ದಾವಣಗೆರೆಯಲ್ಲಿ ಮೆಕ್ಕೆಜೋಳದ ಬೆಂಡು, ಕಲಬುರಗಿಯಲ್ಲಿ ತೊಗರಿ ಕಟ್ಟಿಗೆ, ರಾಯಚೂರಿನಲ್ಲಿ ಹತ್ತಿ ಕಟ್ಟಿಗೆ, ಬೆಳಗಾವಿ, ಬಾಗಲಕೋಟೆಯಲ್ಲಿ ಕಬ್ಬಿನ ರವದಿ: ಊರು ಬದಲಾದಂತೆ ಕಸದ ಹೆಸರು ಬದಲಾಗುತ್ತದೆ, ಬೆಂಕಿ ಮಾತ್ರ ಒಂದೇ. ದೇಶದಲ್ಲಿ ವರ್ಷಕ್ಕೆ ಸುಮಾರು 50 ಕೋಟಿ ಟನ್ ಬೆಳೆ ತ್ಯಾಜ್ಯ ಹುಟ್ಟುತ್ತದೆಂದು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಅಂದಾಜು ಮಾಡಿದೆ. ಅದರಲ್ಲಿ ಹೆಚ್ಚಿನದು ಮೇವಿಗೆ, ಉರುವಲಿಗೆ, ತಿಪ್ಪೆಗೆ ಹೋಗುತ್ತದೆ. ಮಿಕ್ಕಿದ್ದರಲ್ಲಿ ದೊಡ್ಡ ಪಾಲು ಬಯಲಲ್ಲೇ ಸುಟ್ಟುಹೋಗುತ್ತದೆ.

ಇದೇ ಸಿಪ್ಪೆ, ಬೆಂಡು, ಕಟ್ಟಿಗೆಗಳಿಗೆ ಗಾಳಿ ತಾಗದಂತೆ ಶಾಖ ಕೊಟ್ಟರೆ ಬೂದಿಯಾಗುವ ಬದಲು ಕರಿಯ, ಹಗುರ, ಗರಗರಿಯ ಇದ್ದಿಲಾಗುತ್ತದೆ. ಹೊಲಕ್ಕೋ ನೀರಿಗೋ ಬಳಸಲೆಂದು ಹೀಗೆ ಮಾಡಿದ ಇದ್ದಿಲಿಗೆ ವಿಜ್ಞಾನಿಗಳು ಬಯೋಚಾರ್ ಎನ್ನುತ್ತಾರೆ. ಅಮೆಜಾನ್ ಕಾಡಿನ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆ ಮಾಡಿಟ್ಟ ಕಪ್ಪು ಮಣ್ಣಿನ ಫಲವತ್ತತೆಯ ಹಿಂದೆ ಇಂಥ ಇದ್ದಿಲು ಇದೆ ಎಂದು ಗೊತ್ತಾದ ಮೇಲೆ ಬಯೋಚಾರ್‌ಗೆ ಎಲ್ಲಿಲ್ಲದ ಮರ್ಯಾದೆ ಬಂತು. ಮಣ್ಣಿನಿಂದ ಶುರುವಾದ ಕುತೂಹಲ ನೀರಿಗೂ ಹಬ್ಬಿತು. ಸೀಸ, ಕ್ಯಾಡ್ಮಿಯಂ, ಬಟ್ಟೆಯ ಬಣ್ಣ, ಕಳೆನಾಶಕ, ಔಷಧದ ಉಳಿಕೆ ಎಲ್ಲವನ್ನೂ ಹೊಟ್ಟಿನ ಇದ್ದಿಲು ಹಿಡಿಯುತ್ತದೆಂದು ಸಾಲುಸಾಲು ಸಂಶೋಧನಾ ಲೇಖನಗಳು ಬಂದವು.

ಲೇಖನಗಳು ಸುಳ್ಳಲ್ಲ. ಆದರೆ ಅವನ್ನು ಓದಿ ಮನೆಯ ಕೊಡದ ಬಾಯಿಗೆ ಇದ್ದಿಲು ತುಂಬಿದರೆ ನೀರು ಶುದ್ಧವಾಯಿತೆಂದು ನಂಬುವುದು ತಪ್ಪು. ಇದ್ದಿಲಿನಲ್ಲಿ ನೂರು ಬಗೆ, ನೀರಿನ ಕೊಳೆಯಲ್ಲೂ ನೂರು ಬಗೆ. ಎರಡಕ್ಕೂ ಹೊಂದುವ ಜೋಡಿ ಕೂಡಿಸಬೇಕು. ಈ ಅಧ್ಯಾಯ ಆ ಜೋಡಿಯ ಬಗ್ಗೆ.

ಬೇಯುವ ಬಗೆ

ಒಣ ಸಿಪ್ಪೆಯನ್ನು ಮುಚ್ಚಿದ ಡ್ರಮ್ಮಿನಲ್ಲಿಟ್ಟು ಕಾಯಿಸಿದರೆ ಮೊದಲು ಅದರಲ್ಲಿರುವ ನೀರು ಆವಿಯಾಗುತ್ತದೆ. ಶಾಖ 220 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಸಿಪ್ಪೆಯ ನಾರಿನಲ್ಲಿರುವ ಹೆಮಿಸೆಲ್ಯುಲೋಸ್ ಒಡೆಯತೊಡಗುತ್ತದೆ. 315ರಿಂದ 400 ಡಿಗ್ರಿಯ ನಡುವೆ ಸೆಲ್ಯುಲೋಸ್ ಬಿಟ್ಟುಕೊಡುತ್ತದೆ. ಕಾಂಡಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಮಾತ್ರ ಹಟಮಾರಿ. ಬೇಗನೆ ಶುರುವಾದರೂ 900 ಡಿಗ್ರಿಯವರೆಗೆ ನಿಧಾನವಾಗಿ ಕರಗುತ್ತ ಹೋಗುತ್ತದೆ. ಒಡೆದ ಅಣುಗಳು ಅನಿಲವಾಗಿ, ಟಾರ್ ಆವಿಯಾಗಿ ಹೊರಬೀಳುತ್ತವೆ. ಹೊರಗೆ ಕಾಣುವ ಜ್ವಾಲೆ ಅವುಗಳದ್ದೇ. ಹಿಂದೆ ಉಳಿದ ಇಂಗಾಲದ ಪರಮಾಣುಗಳು ಆರಾರು ಕೂಡಿ ಉಂಗುರವಾಗಿ, ಉಂಗುರಗಳು ಹಾಳೆಯಾಗಿ, ಹಾಳೆಗಳು ಅಡ್ಡಾದಿಡ್ಡಿ ಪೇರಿಕೊಳ್ಳುತ್ತವೆ. ಹಾಳೆಗಳ ಸಂದುಗೊಂದುಗಳೇ ಇದ್ದಿಲಿನ ರಂಧ್ರಗಳು.

ಶಾಖ ಎಲ್ಲಿ ನಿಂತಿತು ಎಂಬುದರ ಮೇಲೆ ಇದ್ದಿಲಿನ ಜಾತಕ ನಿಲ್ಲುತ್ತದೆ. 350 ಡಿಗ್ರಿಯ ಸುಮಾರಿಗೆ ಇಳಿಸಿದರೆ ತೂಕ ಹೆಚ್ಚು ಉಳಿಯುತ್ತದೆ, ರಂಧ್ರ ಕಡಿಮೆ. ಆದರೆ ಮೈಮೇಲೆ ಆಮ್ಲಜನಕ ಸೇರಿದ ರಾಸಾಯನಿಕ ಕೊಂಡಿಗಳು ಇನ್ನೂ ಉಳಿದಿರುತ್ತವೆ. ಸೀಸ, ತಾಮ್ರ, ಕ್ಯಾಡ್ಮಿಯಂನಂಥ ಲೋಹಗಳೂ ಅಮೋನಿಯಂ ಕೂಡ ಸಿಕ್ಕಿಬೀಳುವುದು ಈ ಕೊಂಡಿಗಳಿಗೆ. 700 ಡಿಗ್ರಿಗೆ ಒಯ್ದರೆ ಕೊಂಡಿಗಳು ಉದುರಿಹೋಗುತ್ತವೆ, ತೂಕವೂ ಇಳಿಯುತ್ತದೆ. ಬದಲಿಗೆ ಉಂಗುರಗಳ ಹಾಳೆ ಬಲಿತು, ರಂಧ್ರಗಳು ತೆರೆದುಕೊಳ್ಳುತ್ತವೆ. ಕಳೆನಾಶಕ, ಬಣ್ಣ, ಔಷಧಗಳಂಥ ಸಾವಯವ ಅಣುಗಳಿಗೆ ಇಂಥ ಮೈ ಇಷ್ಟ. ಅವುಗಳಲ್ಲೂ ಇಂಗಾಲದ ಉಂಗುರಗಳೇ ಇರುವುದರಿಂದ ಹಾಳೆಯ ಮೇಲೆ ಚಪ್ಪಟೆಯಾಗಿ ಕೂತುಬಿಡುತ್ತವೆ.

ಕಸದ ಜಾತಿಯೂ ಮುಖ್ಯ. ಭತ್ತದ ಹೊಟ್ಟಿನ ತೂಕದಲ್ಲಿ ನೂರಕ್ಕೆ 15ರಿಂದ 20 ಪಾಲು ಬೂದಿ, ಆ ಬೂದಿಯ ಬಹುಪಾಲು ಸಿಲಿಕಾ. ಮೆಕ್ಕೆಜೋಳದ ಬೆಂಡಿನಲ್ಲಿ ಬೂದಿ ಬಹಳ ಕಡಿಮೆ. ಹೀಗಾಗಿ ಒಂದೇ ಡ್ರಮ್ಮಿನಲ್ಲಿ, ಒಂದೇ ಶಾಖದಲ್ಲಿ ಬೆಂದ ಎರಡು ಇದ್ದಿಲುಗಳು ಎರಡು ಬೇರೆ ವಸ್ತುಗಳೇ. ಗಂಗಾವತಿ, ಸಿಂಧನೂರಿನ ರೈಸ್‌ಮಿಲ್ಲುಗಳ ಬಾಯ್ಲರಿನಿಂದ ಬರುವ ಬೂದುಬಣ್ಣದ ಪುಡಿಯನ್ನು ತಂದು ಬಯೋಚಾರ್ ಎಂದುಕೊಳ್ಳುವವರಿದ್ದಾರೆ. ಗಾಳಿಯಾಡುವ ಬೆಂಕಿಯಲ್ಲಿ ಇಂಗಾಲ ಸುಟ್ಟುಹೋದ ಮೇಲೆ ಉಳಿದ ಸಿಲಿಕಾ ಅದು. ಇದ್ದಿಲು ಕಪ್ಪಗಿರಬೇಕು.

ಮಾಡುವುದಕ್ಕೆ ಕಾರ್ಖಾನೆ ಬೇಕಿಲ್ಲ. ಸ್ವಿಟ್ಜರ್ಲೆಂಡಿನ ಇಥಾಕಾ ಸಂಸ್ಥೆಯ ಹನ್ಸ್ ಪೀಟರ್ ಶ್ಮಿಟ್ ಮತ್ತು ಆಸ್ಟ್ರೇಲಿಯಾದ ಪಾಲ್ ಟೇಲರ್ 2014ರಲ್ಲಿ ರೂಪಿಸಿದ ಕೋನ್-ಟಿಕಿ ಎಂಬ ಶಂಕುವಿನಾಕಾರದ ಒಲೆಯನ್ನು ನೆಲದಲ್ಲಿ ಗುಂಡಿ ತೋಡಿಯೂ ಮಾಡಬಹುದು. ಗುಂಡಿಯ ತಳದಲ್ಲಿ ಒಣ ಕಡ್ಡಿಗೆ ಬೆಂಕಿ ಹಚ್ಚಿ, ಅದರ ಮೇಲೆ ತೊಗರಿ ಕಟ್ಟಿಗೆಯನ್ನು ತೆಳುವಾಗಿ ಹರಡುತ್ತಾರೆ. ಮೇಲಿನ ಪದರಿನ ಅಂಚಿನಲ್ಲಿ ಬಿಳಿಬೂದಿ ಇಣುಕತೊಡಗಿದ್ದೇ ತಡ ಮುಂದಿನ ಪದರ ಹಾಕಬೇಕು. ಮೇಲೆ ಆಡುವ ಜ್ವಾಲೆ ಬರುವ ಆಮ್ಲಜನಕವನ್ನೆಲ್ಲ ತಾನೇ ತಿಂದುಬಿಡುವುದರಿಂದ ಕೆಳಗಿನ ಇದ್ದಿಲು ಉರಿಯದೆ ಉಳಿಯುತ್ತದೆ. ಗುಂಡಿ ತುಂಬಿದ ಮೇಲೆ ನೀರು ಸುರಿದು ಆರಿಸುತ್ತಾರೆ. ತಣಿದ ಚೂರನ್ನು ಬೆರಳಲ್ಲಿ ತಿಕ್ಕಿ ನೋಡಿ: ಕಪ್ಪು ಬರೀ ನೀರಿಗೆ ಹೋದರೆ ಚೆನ್ನಾಗಿ ಬೆಂದಿದೆ. ಜಿಡ್ಡಾಗಿ ಅಂಟಿ ಸೋಪು ಬೇಡಿದರೆ ಟಾರ್ ಉಳಿದಿದೆ, ಅದು ನೀರಿಗೆ ಬೇಡ. ಹೊಟ್ಟಿಗೆ ಮಾತ್ರ ಈ ಗುಂಡಿ ಆಗಿಬರುವುದಿಲ್ಲ. ಅದು ಜ್ವಾಲೆಯನ್ನೇ ಮುಚ್ಚಿ ಉಸಿರುಕಟ್ಟಿಸುತ್ತದೆ. ತೂತು ಕೊರೆದ ತಗಡಿನ ಕೊಳವೆಯೊಳಗೆ ಬೆಂಕಿ ಮಾಡಿ, ಸುತ್ತ ಹೊಟ್ಟಿನ ಗುಡ್ಡೆ ಪೇರಿಸಿ, ಕಪ್ಪಾದ ಕೂಡಲೇ ನೀರೆರಚುವುದು ಅದಕ್ಕೆ ತಕ್ಕ ದಾರಿ.

ಒಂದು ಗ್ರಾಮಿನಲ್ಲಿ ಎಷ್ಟು ಜಾಗ?

ಇದ್ದಿಲು ದ್ರವವನ್ನು ತಿಳಿಗೊಳಿಸುತ್ತದೆಂದು ಪ್ರಯೋಗಮಾಡಿ ತೋರಿಸಿದವನು ಸೇಂಟ್ ಪೀಟರ್ಸ್‌ಬರ್ಗಿನ ಔಷಧ ತಯಾರಕ ಟೋಬಿಯಾಸ್ ಲೋವಿಟ್ಸ್. 1785ರಲ್ಲಿ ಟಾರ್ಟಾರಿಕ್ ಆಮ್ಲದ ಹರಳು ಮಾಡುವಾಗ ದ್ರಾವಣ ಕಂದುಬಣ್ಣಕ್ಕೆ ತಿರುಗಿ ಕಾಡುತ್ತಿತ್ತು. ಇದ್ದಿಲ ಪುಡಿ ಸೇರಿಸಿದಾಗ ಬಣ್ಣ ಮಾಯವಾಯಿತು. ಹತ್ತೇ ವರ್ಷದೊಳಗೆ ಇಂಗ್ಲೆಂಡಿನ ಸಕ್ಕರೆ ಕಾರ್ಖಾನೆಯವರು ಪಾಕ ಬಿಳಿಮಾಡಲು ಇದ್ದಿಲು ಬಳಸತೊಡಗಿದರು.

ಇಲ್ಲಿ ನಡೆಯುವುದು ಸೋಸುವಿಕೆಯಲ್ಲ. ಕರಗಿದ ಅಣು ಯಾವ ಬಟ್ಟೆಯಲ್ಲೂ ನುಸುಳಿಬಿಡುತ್ತದೆ. ಇದ್ದಿಲು ಅದನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಇದಕ್ಕೆ ಅಧಿಶೋಷಣೆ ಎನ್ನುತ್ತಾರೆ. ಅಂಟಿಸಿಕೊಳ್ಳಬೇಕಾದರೆ ಜಾಗ ಬೇಕು. ಆ ಜಾಗ ಅಳೆಯುವ ಉಪಾಯವನ್ನು 1938ರಲ್ಲಿ ಬ್ರುನಾವರ್, ಎಮ್ಮೆಟ್ ಮತ್ತು ಟೆಲ್ಲರ್ ಕೊಟ್ಟರು. ಮುಂದೆ ಹೈಡ್ರೋಜನ್ ಬಾಂಬಿನಿಂದ ಹೆಸರಾದ ಎಡ್ವರ್ಡ್ ಟೆಲ್ಲರ್ ಇವರೇ. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ ನೈಟ್ರೋಜನ್ ಅನಿಲ ಹಾಯಿಸಿ, ಎಷ್ಟು ಅಣುಗಳು ಮೈಗೆ ಹತ್ತಿದವೆಂದು ಲೆಕ್ಕಹಾಕುತ್ತಾರೆ. ಕಡಿಮೆ ಶಾಖದ ಹೊಟ್ಟಿನ ಇದ್ದಿಲಿನಲ್ಲಿ ಗ್ರಾಮಿಗೆ ಕೆಲವೇ ಚದರ ಮೀಟರ್ ಸಿಕ್ಕರೆ, ಹೆಚ್ಚು ಶಾಖದಲ್ಲಿ ಚೆನ್ನಾಗಿ ಬೆಂದದ್ದರಲ್ಲಿ 200 ಚದರ ಮೀಟರ್ ದಾಟಬಹುದು. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಚಿಟಿಕೆ ಇದ್ದಿಲಿನೊಳಗೆ ಮೂವತ್ತು-ನಲವತ್ತರ ಎರಡು ಸೈಟು. ಅಂಗಡಿಯ ಫಿಲ್ಟರಿನಲ್ಲಿರುವ ಆಕ್ಟಿವೇಟೆಡ್ ಕಾರ್ಬನ್ ಇನ್ನೂ ಮುಂದೆ: ಹಬೆ ಅಥವಾ ರಾಸಾಯನಿಕದಿಂದ ಮತ್ತಷ್ಟು ಕೊರೆದು ತೆಗೆದ ಅದರಲ್ಲಿ ಗ್ರಾಮಿಗೆ 500ರಿಂದ 1,500 ಚದರ ಮೀಟರ್.

ನೀಲಿ ಹೋಗುತ್ತದೆ, ಕೆಂಪು ಉಳಿಯುತ್ತದೆ

ಜಾಗವಿದ್ದರೆ ಸಾಲದು, ಬಂದವರನ್ನು ಒಳಗೆ ಬಿಟ್ಟುಕೊಳ್ಳುವ ಮನಸ್ಸೂ ಬೇಕು. ಶಾಲೆಯ ಪ್ರಯೋಗಾಲಯದಲ್ಲೇ ಇದನ್ನು ಕಣ್ಣಾರೆ ನೋಡಬಹುದು. ಕರಾವಳಿಯ ಮನೆಗಳಲ್ಲಿ ಹಿಂದೆ ಹಲ್ಲುಜ್ಜಲು ಬಳಸುತ್ತಿದ್ದ ಉಮಿಕರಿ, ಅಂದರೆ ಭತ್ತದ ಹೊಟ್ಟಿನ ಇದ್ದಿಲು, ಅಪ್ಪಟ ಬಯೋಚಾರ್. ಅದನ್ನು ನಾಲ್ಕಾರು ಬಾರಿ ತೊಳೆದು ಒಣಗಿಸಿ. ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ. ಒಂದಕ್ಕೆ ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಔಷಧಿಯೆಂದು ಮಾರುವ ಮೆಥಿಲೀನ್ ಬ್ಲೂ ಒಂದು ಹನಿ, ಇನ್ನೊಂದಕ್ಕೆ ಇಯೋಸಿನ್ ಬಣ್ಣದ ಕೆಂಪು ಶಾಯಿ ಒಂದು ಹನಿ. ಎರಡಕ್ಕೂ ಒಂದೊಂದು ದೊಡ್ಡ ಚಮಚ ಉಮಿಕರಿ ಹಾಕಿ ಆಗಾಗ ಕಲಕುತ್ತ ಒಂದು ಗಂಟೆ ಬಿಟ್ಟು, ಸೋಸುವ ಕಾಗದದಲ್ಲಿ ಬಸಿಯಿರಿ. ನೀಲಿ ಬಹಳ ಮಟ್ಟಿಗೆ ತಿಳಿಯಾಗಿರುತ್ತದೆ. ಕೆಂಪು ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ. ಎರಡು ನೀರನ್ನೂ ಕುಡಿಯಬೇಡಿ.

ಕಾರಣ ವಿದ್ಯುದಂಶ. ಸಾಮಾನ್ಯ ನೀರಿನಲ್ಲಿ ಬಯೋಚಾರ್‌ನ ಮೈ ಋಣ ವಿದ್ಯುದಂಶದ್ದು. ಮೆಥಿಲೀನ್ ಬ್ಲೂ ಧನ ವಿದ್ಯುದಂಶದ ಅಣು, ಓಡಿಬಂದು ಅಂಟುತ್ತದೆ. ಇಯೋಸಿನ್ ಋಣದ್ದು, ದೂರ ತಳ್ಳಲ್ಪಡುತ್ತದೆ. ಸೀಸ, ಕ್ಯಾಡ್ಮಿಯಂ, ಅಮೋನಿಯಂ ಎಲ್ಲ ನೀಲಿಯ ಕಡೆಯವು. ನೈಟ್ರೇಟ್, ಫಾಸ್ಫೇಟ್, ಫ್ಲೋರೈಡ್, ಆರ್ಸನೇಟ್‌ಗಳು ಕೆಂಪಿನ ಕಡೆಯವು. ಸಂಶೋಧನೆಯಲ್ಲಿ ಬಯೋಚಾರ್‌ನ ಸಾಮರ್ಥ್ಯ ತೋರಿಸಲು ಮೆಥಿಲೀನ್ ಬ್ಲೂ ಇಷ್ಟೊಂದು ಜನಪ್ರಿಯವಾಗಲು ಅದು ಸುಲಭವಾಗಿ ಸೋಲುತ್ತದೆಂಬುದೂ ಒಂದು ಕಾರಣ. ಕರ್ನಾಟಕದ ಕೊಳವೆಬಾವಿಗಳಲ್ಲಿ ನಮ್ಮನ್ನು ಕಾಡುತ್ತಿರುವುದು ಬಹುಪಾಲು ಕೆಂಪಿನ ಕಡೆಯವರೇ.

ಫ್ಲೋರೈಡಿನ ಹಟ

ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆ ಹಲ್ಲಿನ ಮೇಲೆ ಹಳದಿ-ಕಂದು ಪಟ್ಟಿ ಬಿದ್ದ ಮಕ್ಕಳನ್ನು ನೋಡದವರಿಲ್ಲ. ಬಂಡೆಯ ಖನಿಜಗಳಿಂದ ಕರಗಿ ಬರುವ ಫ್ಲೋರೈಡ್ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ.

ಬರೀ ಹೊಟ್ಟಿನ ಇದ್ದಿಲು ಇಲ್ಲಿ ಕೈಚೆಲ್ಲುತ್ತದೆ. ಫ್ಲೋರೈಡ್ ಪುಟ್ಟ ಅಯಾನು, ಋಣ ವಿದ್ಯುದಂಶದ್ದು, ಸುತ್ತ ನೀರಿನ ಅಣುಗಳನ್ನು ಬಿಗಿಯಾಗಿ ಹೊದ್ದಿರುತ್ತದೆ. ಇಂಗಾಲದ ಮೇಲೆ ಅದಕ್ಕೆ ಆಸೆಯಿಲ್ಲ. ಅಲ್ಯೂಮಿನಿಯಂ, ಕ್ಯಾಲ್ಸಿಯಂ ಕಂಡರೆ ಮಾತ್ರ ಬಿಡುವುದಿಲ್ಲ. 1970ರ ದಶಕದಲ್ಲಿ ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ ಬಳಸಿದ್ದು ಅದಕ್ಕೇ. ಕೀನ್ಯಾದ ನಕೂರಿನಲ್ಲಿ ಬಳಸಿದ ಮೂಳೆ ಇದ್ದಿಲಿನಲ್ಲೂ ಕೆಲಸ ಮಾಡುವುದು ಇಂಗಾಲವಲ್ಲ. ಅದರ ಮುಕ್ಕಾಲು ಭಾಗ ಕ್ಯಾಲ್ಸಿಯಂ ಫಾಸ್ಫೇಟ್. ಇಂಗಾಲ ಹತ್ತನೇ ಒಂದರಷ್ಟು. ಸಂಶೋಧಕರು ಈಗ ಬೆಳೆ ತ್ಯಾಜ್ಯವನ್ನು ಅಲ್ಯೂಮಿನಿಯಂ ಲವಣದಲ್ಲಿ ನೆನೆಸಿ ಬೇಯಿಸಿ, ಇದ್ದಿಲಿನ ರಂಧ್ರಗಳೊಳಗೆ ಲೋಹದ ಆಕ್ಸೈಡ್ ಕೂರಿಸುತ್ತಿದ್ದಾರೆ. ಫ್ಲೋರೈಡ್ ಹಿಡಿಯುತ್ತದೆ, ನಿಜ. ಆದರೆ ಅಲ್ಯೂಮಿನಿಯಂ ತಿರುಗಿ ನೀರಿಗೆ ಇಳಿಯದಂತೆ ಕಾಯಬೇಕು.

ಇನ್ನೊಂದು ಲೆಕ್ಕವಿದೆ. ಒಂದು ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ನೀರು ಎನ್ನಿ. ಅದರ ಫ್ಲೋರೈಡನ್ನು ಲೀಟರಿಗೆ 3 ಮಿಲಿಗ್ರಾಂನಿಂದ 1ಕ್ಕೆ ಇಳಿಸಬೇಕಾದರೆ ದಿನಕ್ಕೆ 40 ಮಿಲಿಗ್ರಾಂ ತೆಗೆಯಬೇಕು. ಒಂದು ಗ್ರಾಂ ಇದ್ದಿಲು 1 ಮಿಲಿಗ್ರಾಂ ಹಿಡಿದರೆ ದಿನಕ್ಕೆ 40 ಗ್ರಾಂ, ವರ್ಷಕ್ಕೆ ಸುಮಾರು 15 ಕಿಲೋ ಬೇಕು. ಪ್ರಯೋಗಾಲಯದ ವರದಿಗಳಲ್ಲಿ ಇದಕ್ಕಿಂತ ದೊಡ್ಡ ಅಂಕಿಗಳು ಕಾಣುತ್ತವೆ. ಅಲ್ಲಿ ಭಟ್ಟಿಯಿಳಿಸಿದ ಶುದ್ಧ ನೀರಿಗೆ ಒಂದೇ ಒಂದು ಮಲಿನವನ್ನು, ಅದೂ ಧಾರಾಳವಾಗಿ ಬೆರೆಸಿರುತ್ತಾರೆ. ಕೊಳವೆಬಾವಿಯ ನೀರಿನಲ್ಲಿ ಬೈಕಾರ್ಬೊನೇಟ್, ಸಲ್ಫೇಟ್, ಕರಗಿದ ಸಾವಯವ ವಸ್ತು ಎಲ್ಲವೂ ಅದೇ ಜಾಗಕ್ಕೆ ಮುಗಿಬೀಳುತ್ತವೆ. ಫ್ಲೋರೈಡಿಗೆ ಸಿಗುವ ಪಾಲು ಕುಗ್ಗುತ್ತದೆ. ವರದಿಯ ಅಂಕಿ ನೋಡಿ ಫಿಲ್ಟರಿನ ಆಯಸ್ಸು ಹೇಳುವವರನ್ನು ನಂಬಬಾರದು.

ಎರಡು ಬಕೆಟ್ಟಿನ ಪಾಠ

ಹಟ್ಟಿ ಚಿನ್ನದ ಗಣಿಯ ಶಿಲಾಪಟ್ಟಿ ಹಾದುಹೋಗುವ ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಊರುಗಳ ಅಂತರ್ಜಲದಲ್ಲಿ ಆರ್ಸೆನಿಕ್ ಇದೆ. ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಚರ್ಮದ ಕಾಯಿಲೆಗಳು ಕಾಣಿಸಿಕೊಂಡಾಗ ರಾಜ್ಯದ ಗಮನ ಆ ಕಡೆ ಹರಿಯಿತು. ಆರ್ಸೆನಿಕ್ಕಿನ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಮಾತ್ರ. ಬರೀ ಬಯೋಚಾರ್ ಇದರ ಮುಂದೆಯೂ ನಿಲ್ಲುವುದಿಲ್ಲ.

ನಿಲ್ಲುವ ದಾರಿ ತೋರಿಸಿದ್ದು ಬಾಂಗ್ಲಾದೇಶ. ಅಲ್ಲಿ ಹುಟ್ಟಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಅಬುಲ್ ಹುಸ್ಸಾಂ ರೂಪಿಸಿದ ಸೋನೋ ಫಿಲ್ಟರಿನಲ್ಲಿ ಒಂದರ ಮೇಲೊಂದು ಎರಡು ಬಕೆಟ್. ಮೇಲಿನದರಲ್ಲಿ ಮರಳಿನ ನಡುವೆ ಸಂಸ್ಕರಿಸಿದ ಕಬ್ಬಿಣದ ಚೂರು; ಆರ್ಸೆನಿಕ್ ತುಕ್ಕಿಗೆ ಅಂಟಿ ಅಲ್ಲೇ ಉಳಿಯುತ್ತದೆ. ಕೆಳಗಿನದರಲ್ಲಿ ಮರಳು, ಮರದ ಇದ್ದಿಲು, ಇಟ್ಟಿಗೆ ಚೂರು. ಇದ್ದಿಲಿನ ಪಾಲಿಗೆ ಬಂದದ್ದು ಸಾವಯವ ಕೊಳೆ. ಯಾರಿಗೆ ಯಾವುದು ಬರುತ್ತದೋ ಅವರಿಗೆ ಆ ಕೆಲಸ. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿ ಇದಕ್ಕೆ ಹತ್ತು ಲಕ್ಷ ಡಾಲರಿನ ಗ್ರೇಂಜರ್ ಬಹುಮಾನ ಕೊಟ್ಟಿತು. ಈಗಿನ ಕಬ್ಬಿಣ ಲೇಪಿತ ಬಯೋಚಾರ್ ಎರಡು ಬಕೆಟ್ಟಿನ ಕೆಲಸವನ್ನು ಒಂದೇ ಕಣದಲ್ಲಿ ಮಾಡಿಸುವ ಪ್ರಯತ್ನ: ಹೊಟ್ಟನ್ನು ಫೆರಿಕ್ ಕ್ಲೋರೈಡಿನಲ್ಲಿ ನೆನೆಸಿ ಬೇಯಿಸಿದರೆ ರಂಧ್ರಗಳ ಗೋಡೆಗೇ ಕಬ್ಬಿಣದ ಆಕ್ಸೈಡ್ ಹತ್ತಿಕೊಳ್ಳುತ್ತದೆ.

ಎಲ್ಲಿ ಸಲ್ಲುತ್ತದೆ

ಹಾಗಾದರೆ ಬರೀ ಇದ್ದಿಲು ಗೆಲ್ಲುವ ಕಣ ಯಾವುದು? ಕಳೆನಾಶಕ, ಕೀಟನಾಶಕ, ಬಣ್ಣ, ಔಷಧದ ಉಳಿಕೆ. ಉತ್ತರ ಥಾಯ್ಲೆಂಡಿನಲ್ಲಿ ಕೆಲಸಮಾಡಿದ ಎಂಜಿನಿಯರ್ ಜೋಶ್ ಕರ್ನ್ಸ್ ಮತ್ತು ಸಂಗಡಿಗರು ಹಳ್ಳಿಯ ಇದ್ದಿಲ ಗೂಡಿನದ್ದನ್ನೂ ಡ್ರಮ್ಮಿನ ಗ್ಯಾಸಿಫೈಯರ್ ಒಲೆಯದ್ದನ್ನೂ 2,4-ಡಿ ಕಳೆನಾಶಕದ ಮುಂದಿಟ್ಟು ಹೋಲಿಸಿ 2014ರಲ್ಲಿ ಪ್ರಕಟಿಸಿದರು. ಕಡಿಮೆ ಶಾಖದ ಗೂಡಿನ ಇದ್ದಿಲು ಸೋತಿತು. ಸುಮಾರು 900 ಡಿಗ್ರಿ ಮುಟ್ಟುವ ಡ್ರಮ್ಮಿನ ಇದ್ದಿಲು ಕಾರ್ಖಾನೆಯ ಆಕ್ಟಿವೇಟೆಡ್ ಕಾರ್ಬನ್ನಿಗೆ ಸಾಟಿಯಾಗಿ ನಿಂತಿತು. ಅಡುಗೆಗೆ ಕೊಳ್ಳುವ ಇದ್ದಿಲನ್ನೇ ಫಿಲ್ಟರಿಗೂ ತುಂಬಿದರೆ ಕೆಲಸ ಕೆಡುತ್ತದೆ ಎಂಬುದು ಇದರ ತಾತ್ಪರ್ಯ.

ನಮ್ಮ ಮೆಕ್ಕೆಜೋಳದ ಹೊಲಗಳಲ್ಲಿ ಹೆಚ್ಚಾಗಿ ಬಳಸುವ ಅಟ್ರಾಜಿನ್ ಕಳೆನಾಶಕ ಮಳೆಯ ಜೊತೆ ಹಳ್ಳ, ಕೆರೆಗೆ ಇಳಿಯುತ್ತದೆ. ಅದನ್ನು ಹಿಡಿಯುವ ಇದ್ದಿಲು ಅದೇ ಹೊಲದ ಬೆಂಡಿನಿಂದ ಬರಬಲ್ಲದು. ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳ ಬಣ್ಣದ ನೀರಿಗೂ ಇದು ಕೊನೆಯ ಹಂತವಾಗಿ ಒದಗಬಹುದು. ಸ್ವಿಟ್ಜರ್ಲೆಂಡ್ 2016ರಿಂದ ದೊಡ್ಡ ಕೊಳಚೆ ಶುದ್ಧೀಕರಣ ಘಟಕಗಳಲ್ಲಿ ಔಷಧದಂಥ ಸೂಕ್ಷ್ಮ ಮಲಿನಗಳನ್ನು ತೆಗೆಯಲು ಕಾನೂನು ಮಾಡಿದೆ. ಅವರು ನೆಚ್ಚಿರುವುದು ಓಜೋನ್ ಅಥವಾ ಆಕ್ಟಿವೇಟೆಡ್ ಕಾರ್ಬನ್. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಗೆ ಮೂರನೇ ಹಂತ ಬೇಕೆಂಬ ಬೇಡಿಕೆ ಹಳೆಯದು. ಬೆಳೆ ತ್ಯಾಜ್ಯದ ಇದ್ದಿಲನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಡ್ಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಕೊಡಗು, ಚಿಕ್ಕಮಗಳೂರಿನ ಕಾಫಿ ಪಲ್ಪಿಂಗ್ ನೀರಿನ ಕತೆ ಬೇರೆ. ಹಣ್ಣಿನ ಲೋಳೆಯ ಸಕ್ಕರೆ ಕರಗಿ ಹುಳಿಯಾದ ಆ ನೀರು ತೊರೆಗೆ ಬಿದ್ದರೆ ಸೂಕ್ಷ್ಮಜೀವಿಗಳು ಆಮ್ಲಜನಕವನ್ನೆಲ್ಲ ತಿಂದು ಮೀನು ಸಾಯುತ್ತವೆ. ಸಕ್ಕರೆ ನೀರನ್ನು ಬಿಟ್ಟು ಇದ್ದಿಲಿಗೆ ಅಂಟಲು ಒಲ್ಲದು. ಮೊದಲು ಸುಣ್ಣ ಹಾಕಿ ಹುಳಿ ತೆಗೆದು, ಗಾಳಿಯಿಲ್ಲದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳಿಗೆ ಸಕ್ಕರೆ ತಿನ್ನಿಸಬೇಕು. ಉಳಿದ ಬಣ್ಣ, ಅಮೋನಿಯಂ ಹಿಡಿಯಲು ಕೊನೆಗೆ ಇದ್ದಿಲು.

ಒಂದು ಎಚ್ಚರಿಕೆ: ಇದ್ದಿಲು ರೋಗಾಣುಗಳನ್ನು ಕೊಲ್ಲುವುದಿಲ್ಲ. ಹಳೆಯ ಫಿಲ್ಟರಿನ ರಂಧ್ರಗಳಲ್ಲಿ ಅವು ಮನೆಮಾಡುವುದೇ ಹೆಚ್ಚು. ಕುದಿಸುವುದು, ಕ್ಲೋರಿನ್ ಹಾಕುವುದು ತಪ್ಪುವುದಿಲ್ಲ.

ತುಂಬಿದ ಮೇಲೆ

ಹಿಡಿದದ್ದು ಮಾಯವಾಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ಅಮೋನಿಯಂ, ಫಾಸ್ಫೇಟ್ ತುಂಬಿದ ಇದ್ದಿಲು ತೋಟಕ್ಕೆ ಹೋದರೆ ಅದು ಗೊಬ್ಬರ, ಇಂಗಾಲವೂ ಬಹುಕಾಲ ಮಣ್ಣಿನಲ್ಲೇ ಉಳಿಯುತ್ತದೆ. ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ ತುಂಬಿದ್ದನ್ನು ಹೊಲಕ್ಕೆ ಚೆಲ್ಲಿದರೆ ಬಾವಿಯ ವಿಷವನ್ನು ಕೈಯಾರೆ ಭತ್ತದ ಗದ್ದೆಗೆ ಹೊತ್ತು ಹಾಕಿದಂತೆ. ಒಲೆಗೂ ಹಾಕಬಾರದು, ಆರ್ಸೆನಿಕ್ ಹೊಗೆಯಲ್ಲಿ ಹೊರಬರುತ್ತದೆ. ಅದು ಅಪಾಯಕಾರಿ ತ್ಯಾಜ್ಯದ ಲೆಕ್ಕ, ವಿಲೇವಾರಿಗೆ ಪಂಚಾಯಿತಿ ಮಟ್ಟದಲ್ಲೇ ವ್ಯವಸ್ಥೆ ಬೇಕು. ಫಿಲ್ಟರ್ ಹಂಚುವ ಯೋಜನೆಗಳಲ್ಲಿ ಖರೀದಿಗೆ ಹಣವಿರುತ್ತದೆ, ತುಂಬಿದ ಮಾಧ್ಯಮ ವಾಪಸು ಪಡೆಯಲು ಇರುವುದಿಲ್ಲ. ಬಯೋಚಾರ್ ಅಗ್ಗ ಎಂಬ ಮಾತು ನಿಜವಾಗುವುದು ಈ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿದಾಗ.

ಆದ್ದರಿಂದ ಯಾರಾದರೂ ಇದ್ದಿಲಿನ ಫಿಲ್ಟರ್ ಹೊತ್ತು ನಿಮ್ಮೂರಿಗೆ ಬಂದರೆ ಮೂರು ಪ್ರಶ್ನೆ ಕೇಳಿ. ಯಾವ ಕಸವನ್ನು ಎಷ್ಟು ಶಾಖದಲ್ಲಿ ಬೇಯಿಸಿದ್ದೀರಿ? ನಮ್ಮ ಬಾವಿಯ ನೀರಿನಲ್ಲಿ ಪರೀಕ್ಷಿಸಿದ್ದೀರಾ? ತುಂಬಿದ ಮೇಲೆ ಯಾರು ಒಯ್ಯುತ್ತೀರಿ? ಅದಕ್ಕೂ ಮೊದಲು ನಿಮ್ಮ ನೀರಿನಲ್ಲಿ ಏನಿದೆ ಎಂದು ನಿಮಗೇ ಗೊತ್ತಿರಲಿ. ಜಲಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ಸರ್ಕಾರಿ ಪ್ರಯೋಗಾಲಯಗಳೂ ಸಾರ್ವಜನಿಕರ ನೀರನ್ನು ಪರೀಕ್ಷಿಸಿಕೊಡುತ್ತವೆ. ಒಂದು ಬಾಟಲಿ ನೀರು ಕೊಟ್ಟು ವರದಿ ತನ್ನಿ. ಇದ್ದಿಲಿನ ಮಾತು ಆಮೇಲೆ.